ಉಣಕಲ್ ಕೆರೆಗೆ ಬಂದ ಓಕುಳಿ

ಕೆರೆದಂಡೆಯ ಆ ಮನೆಗೆ ನನ್ನ ಹೆಂಡತಿ ಮನಸೋತದ್ದು ಅಡುಗೆಮನೆಯ ಕಿಟಕಿಯಿಂದ. ಒಲೆಯ ಮುಂದೆ ನಿಂತರೆ ಕಣ್ಣುತುಂಬ ನೀರು. ಗೋಕುಲ ರಸ್ತೆಯ ಬಾಡಿಗೆ ಮನೆಯಲ್ಲಿ ಲಾರಿ ಹಾರ್ನು ಕೇಳಿ ಕೇಳಿ ನನಗೂ ಸಾಕಾಗಿತ್ತು. ಸೆಪ್ಟಿಕ್ ಟ್ಯಾಂಕ್ ಎಲ್ಲಿ ಎಂದು ಕೇಳಿದ್ದಕ್ಕೆ ದಲಾಲ ಹಿತ್ತಲಿನ ಹಾಸುಗಲ್ಲು ತೋರಿಸಿದ. ಕೆರೆಗೆ ಇಷ್ಟು ಹತ್ತಿರ ಇರಬಹುದೇ ಎಂದರೆ, ಆ ನಿಯಮ ಯಾರು ನೋಡ್ತಾರೆ ಎಂದು ನಕ್ಕ. ನಾವೂ ಸುಮ್ಮನಾದೆವು, ಕಿಟಕಿಯ ಆಸೆ.

ಮುಂಗಡ ಕೊಡಲು ಹೋದ ದಿನ ಮನೆಯೊಡತಿ, ಮಾತು ಗಟ್ಟಿಯಾಯಿತೆಂದು ಹಿಡಿಯುವ ಎಲೆ ಅಡಿಕೆಯ ತಟ್ಟೆಯನ್ನು ಬದಿಗೆ ಸರಿಸಿದರು. ಹತ್ತಿ ವ್ಯಾಪಾರಿಯೊಬ್ಬರ ಹೆಂಡತಿ, ಈಗ ಒಂಟಿ. ಮಂಡಿನೋವಿಗೆ ಮೆಟ್ಟಿಲು ಹತ್ತಲಾಗದೆ, ಮನೆ ಮಾರಿ ಹೆಬ್ಬಳ್ಳಿಯ ತಂಗಿಯ ಹತ್ತಿರ ಹೋಗಿ ಇರಬೇಕೆಂದಿದ್ದರು. ನಮಗಿಂತ ಮೊದಲು ಬಂದವರು ಇದೇ ತಟ್ಟೆಯ ಮುಂದಿನಿಂದ ಎದ್ದುಹೋಗಿದ್ದರಂತೆ. ಏಕೆಂದು ದಲಾಲ ಹೇಳಿರಲಿಲ್ಲ.

"ಎಲಿ ಆಮ್ಯಾಲೆ ಹಿಡಿಯೂಣು. ಮೊದಲ ಇದನ್ನ ನೋಡ್ರಿ," ಎಂದವರೇ ರಂಗಪಂಚಮಿಯಲ್ಲಿ ಉಳಿದ ಬಣ್ಣವನ್ನೆಲ್ಲ ಬಕೆಟ್ಟಿನಲ್ಲಿ ಕದಡಿ ಬಚ್ಚಲಿಗೆ ಸುರಿದರು. ನಲ್ಲಿ ಬಿಟ್ಟು, ಕೋಲೂರುತ್ತ ನಮ್ಮನ್ನು ಕೆರೆಯ ಅಂಚಿಗೆ ಕರೆದೊಯ್ದರು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಜೊಂಡಿನ ಬುಡದಲ್ಲಿ ಗುಲಾಬಿ ಬಣ್ಣ ಮೆಲ್ಲಗೆ ಹರಡತೊಡಗಿತು.

ಹಬ್ಬದ ದಿನ ಬಣ್ಣವಾಡಿದ ನೆಂಟರೆಲ್ಲ ಜಳಕ ಮಾಡಿದಾಗ ಮನೆಯೊಡತಿಗೂ ಹೀಗೇ ಗೊತ್ತಾಗಿತ್ತಂತೆ. ಬಚ್ಚಲ ನೀರು ಸೇರುವ ಟ್ಯಾಂಕಿನ ತಳ ಒಡೆದಿತ್ತು. ನೋಂದಣಿ ಆಗುವವರೆಗೆ ಬಾಯಿ ಮುಚ್ಚಿಕೊಂಡಿರಬಾರದೇ ಎಂದು ದಲಾಲ ಗೊಣಗಿದ. ವ್ಯವಹಾರ ಮತ್ತೆ ಮುರಿಯಬಹುದೆಂದು ಗೊತ್ತಿದ್ದೂ ಬಣ್ಣ ಸುರಿದ ಆ ಹೆಂಗಸಿಗೆ ಕೈಮುಗಿಯಬೇಕೆನಿಸಿತು. ಇಂಥವರನ್ನು ನಾನು ಕಥೆಯಲ್ಲಿ ಮಾತ್ರ ಕೇಳಿದ್ದೆ.

ಹೆಂಡತಿ ನನ್ನನ್ನೂ ಕೇಳಲಿಲ್ಲ. "ಅವ್ವಾರ, ರಸ್ತೆ ಕಡೆ ಹೊಸಾ ಟ್ಯಾಂಕ್ ನಾವ ಕಟ್ಟಸ್ತೀವ್ರಿ. ಎಲಿ ಹಿಡೀರಿ."

ಅವರು ಮನೆ ಬರೆದುಕೊಡಲು ಒಪ್ಪಿದರು, ಎಲೆ ಮಾತ್ರ ಮುಟ್ಟಲಿಲ್ಲ. ಅದನ್ನು ಮುಂದಿನ ರಂಗಪಂಚಮಿಗೆ ಬಂದು ಹಿಡಿಯುತ್ತೇನೆ ಎಂದರು.

ಹೊಸ ಟ್ಯಾಂಕ್ ಕಟ್ಟಿಸಿ ಮನೆಗೆ ಬಂದ ನಾವು, ಅವರು ಎಲೆ ಹಿಡಿಯಲು ಬರುವ ಮಾತನ್ನು ಮರೆತೇಬಿಟ್ಟಿದ್ದೆವು. ಈ ಸಲ ಹಬ್ಬದಲ್ಲಿ ನಾವೆಲ್ಲ ಬಣ್ಣ ತೊಳೆದುಕೊಂಡು ಕೂತಾಗ ಹೆಬ್ಬಳ್ಳಿಯಿಂದ ಆಟೋ ಬಂತು. ಅದರಿಂದ ಇಳಿದ ಹಳೆಯ ಮನೆಯೊಡತಿ ಒಳಗೂ ಬರದೆ ನೇರ ಹಿತ್ತಲಿಗೆ ಹೋದರು. ಜೊಂಡಿನ ಹತ್ತಿರ ಕೋಲೂರಿ ನಿಂತೇ ಇದ್ದರು. ನಾವು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ ಹಿಂದೆ ನಿಂತೆವು. ನೀರಿನಲ್ಲಿ ಆಕಾಶ ಬಿಟ್ಟರೆ ಬೇರೆ ಬಣ್ಣವಿರಲಿಲ್ಲ.

ಅವರು ತಿರುಗಿ ನನ್ನ ಹೆಂಡತಿಯ ಮುಂದೆ ಅಂಗೈ ಚಾಚಿದರು. "ಈಗ ಕೊಡವಾ ಎಲಿ."