ಅಣ್ಣನ ಬೈಕಿಗೆ ಬಾಗುವ ತೋಳು

ಏನೇ ಮುರಿದರೂ ನಮ್ಮ ಕಡೆ ಒಂದೇ ಮದ್ದು. ಹಳೆಯ ಟ್ರೈಲರಿನ ಕಮಾನಿನ ಗಟ್ಟಿ ಉಕ್ಕಿನ ಪಟ್ಟಿ ಕತ್ತರಿಸಿ, ಮುರಿದ ಕಡೆ ಮೇಲೊಂದು ಕೆಳಗೊಂದು ಇಟ್ಟು ವೆಲ್ಡಿಂಗ್ ಮಾಡುವುದು. ನೇಗಿಲಿಗೂ ಅದೇ, ಗೇಟಿಗೂ ಅದೇ. ಹೊಸದುರ್ಗದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಾಗಿನಿಂದ ನಾನು ಈ ಪಟ್ಟಿಗಳ ಮೇಲೆ ಹಲ್ಲು ಕಡಿಯುತ್ತಲೇ ಇದ್ದೇನೆ.

ನನ್ನ ಅಣ್ಣ ಮತ್ತೋಡಿನ ಕಡೆ ಕುರಿ ಕಾಯುತ್ತಾನೆ. ಅಪಘಾತವೊಂದರ ನಂತರ ಅವನ ಒಂದು ಮೊಣಕಾಲು ಮಡಚುವುದಿಲ್ಲ. ಕುರಿಗಳ ಹಿಂದೆ ನಡೆಯಲಾಗದೆ ಕೂತಿದ್ದವನು ಹಿರಿಯೂರಿನ ಹತ್ತಿರ ಮುಚ್ಚಿಹೋದ ರೆಸಾರ್ಟಿನಿಂದ, ಪ್ರವಾಸಿಗರ ಮೋಜಿಗಿಟ್ಟಿದ್ದ ನಾಲ್ಕು ಗಾಲಿ ಬೈಕು ತಂದ. ಊರವರು ನಕ್ಕರು. ಕುರಿಗಳು ಮಾತ್ರ ಬೇಗನೆ ಅದರ ಸದ್ದಿಗೆ ಹೊಂದಿಕೊಂಡವು.

ಒಮ್ಮೆ ಗುಡ್ಡದ ಕಲ್ಲಿಗೆ ಬಡಿದು ಬೈಕಿನ ಒಂದು ಬದಿಯ ಮುಂದಿನ ಚಕ್ರವನ್ನು ಅದರ ಚೌಕಟ್ಟಾದ ಚಾಸಿಗೆ ಹಿಡಿದಿಡುವ ಕಬ್ಬಿಣದ ತೋಳು ಬಾಗಿತು. ಊರಲ್ಲೇ ಯಾರೋ ನೆಟ್ಟಗೆ ಮಾಡಿ, ಪಟ್ಟಿ ಬಡಿದು ಕೊಟ್ಟರು. ಮತ್ತೆ ಕಲ್ಲಿಗೆ ಬಡಿದಾಗ ತೋಳು ಅಲ್ಲಾಡಲಿಲ್ಲ, ಅದನ್ನು ಹಿಡಿದಿದ್ದ ಚಾಸಿಯೇ ಹರಿಯಿತು. ಬೈಕನ್ನು ಟ್ರೈಲರಿನಲ್ಲಿ ಹೇರಿಕೊಂಡು ಅಣ್ಣ ಈ ತಂಗಿಯ ಅಂಗಡಿಗೆ ಬಂದ.

“ಇದು ಆಗ್ಲಿಲ್ಲ ಅಂದ್ರೆ ಹೇಳಿಬಿಡವ್ವ. ಕುರಿ ಎಲ್ಲಾ ಸಂತೆಗೆ ಹೊಡೀತೀನಿ,” ಅಂದ. ನನ್ನ ಮುಖ ನೋಡದೆ ಅಂದ. ನಾನು ಬೈಕಿನ ಕೆಳಗೆ ತೂರಿದೆ.

ಹರಿದ ಚಾಸಿಯನ್ನು ಸರಿಯಾಗಿ ಕೂಡಿಸಿ ಬೆಸೆದೆ. ಪಟ್ಟಿ ಬಡಿದ ತೋಳನ್ನು ಬಿಚ್ಚಿ ಗುಜರಿಗೆ ಎಸೆದೆ. ಇನ್ನೊಂದು ಬದಿಯ ಒಳ್ಳೆಯ ತೋಳನ್ನು ಅಳತೆಗಿಟ್ಟುಕೊಂಡು, ಅಷ್ಟೇ ದಪ್ಪದ ಪೈಪಿನಲ್ಲಿ ಹೊಸದು ಮಾಡಿದೆ. ಅಣ್ಣ ಅದನ್ನು ಕೈಯಲ್ಲಿ ತೂಗಿ ನೋಡಿ ಮುಖ ಸಿಂಡರಿಸಿದ.

“ಇಷ್ಟು ಹಗೂರ ಐತಲ್ಲೇ. ಒಂದು ಪಟ್ಟಿನಾದ್ರೂ ಹಾಕು.”

“ಹಾಕಲ್ಲ. ಪಟ್ಟಿ ಹಾಕಿದ್ರೆ ಏಟೆಲ್ಲಾ ಚಾಸಿಗೇ ಹೋಗ್ತದೆ. ಇದು ಬಾಗಿದ್ರೆ ಬದಲು ಮಾಡ್ಬೋದು. ಚಾಸಿ ಮತ್ತೆ ಹರಿದ್ರೆ ಬೈಕೇ ಇರಲ್ಲ. ಯಾವ್ದು ಬೇಕು ಹೇಳು.”

“ಊರಾಗೆ ಎಲ್ರೂ ಗಟ್ಟಿ ಮಾಡಿಸ್ತಾರೆ.”

“ಹಂಗಾದ್ರೆ ಊರಿಗೇ ಒಯ್ಯಿ,” ಅಂದೆ. ಒಯ್ಯಲಿಲ್ಲ. ಗೊಣಗುತ್ತಲೇ ಹಾಕಿಸಿಕೊಂಡು ಹೋದ. ಅವನು ಹೋದ ಮೇಲೆ, ಉಳಿದ ಪೈಪಿನಲ್ಲಿ ಅಂಥದ್ದೇ ಇನ್ನೊಂದು ತೋಳು ಮಾಡಿ ಬಣ್ಣ ಹೊಡೆದು ಗೋಡೆಗೆ ನೇತುಹಾಕಿದೆ. ಅದು ಬೇಕಾಗುತ್ತದೆಂದು ನನಗೆ ಗೊತ್ತಿತ್ತು.

ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಅದೇ ಬೈಕಿನ ಸದ್ದು. ತೋಳು ಬಾಗಿ ಚಕ್ರ ಒಳಕ್ಕೆ ವಾಲಿಕೊಂಡಿತ್ತು. ಮಡಚದ ಕಾಲನ್ನು ಪಕ್ಕಕ್ಕೆ ಚಾಚಿಕೊಂಡು ಅಣ್ಣ ಮೆಲ್ಲಗೆ ತಾನೇ ಓಡಿಸಿಕೊಂಡು ಬಂದಿದ್ದ. ನಾನು ಮೊದಲು ಚಾಸಿಯ ಕೆಳಗೆ ಬಗ್ಗಿ ನೋಡಿದೆ. ಒಂದು ಬಿರುಕೂ ಇರಲಿಲ್ಲ.

ಗೋಡೆಯ ಮೇಲಿದ್ದ ತೋಳನ್ನು ತೆಗೆದು ಹಾಕಿಕೊಟ್ಟೆ. ಊಟದ ಹೊತ್ತಿಗೆ ಬೈಕು ನೆಟ್ಟಗೆ ನಿಂತಿತು. ಬೈಕು ಶುರು ಮಾಡಿ, ಅಣ್ಣ ಗೋಡೆಯ ಖಾಲಿ ಮೊಳೆಯನ್ನು ನೋಡಿದ.

“ಇನ್ನೂ ಎರಡು ಮಾಡಿಡವ್ವ,” ಅಂದ. “ಸಂತೆಯಾಗೆ ಹೊಸ ಕುರಿಮರಿ ಹಿಡ್ಕಂಬಂದೀನಿ.”