ಝೌರಿಯ ಕೈರುಚಿ

ಲಮಾರಾಳ ಗಂಡ ಝೌರಿಯ ಕೈಯಡುಗೆಯನ್ನು ಮೂರು ವರ್ಷ ತಿಂದವಳು ನಾನು. ತಿಂದದ್ದು ಅವನ ಅಡುಗೆ, ಹೊಗಳಿದ್ದು ಅವನ ಹೆಂಡತಿಯನ್ನು. ಈಗ ನೆನೆಸಿಕೊಂಡರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತೆ.

ನಾವೆಲ್ಲ ಜಾರ್ಜಿಯಾದ ಹೆಂಗಸರು. ಥೆಸಲೋನಿಕಿಯಲ್ಲಿ ಗ್ರೀಕ್ ಮುದುಕ ಮುದುಕಿಯರ ಮನೆಯಲ್ಲೇ ಇದ್ದು ಅವರನ್ನು ನೋಡಿಕೊಳ್ಳುವ ಕೆಲಸ. ವಾರಕ್ಕೆ ಆರು ದಿನ ಅವರದು, ಭಾನುವಾರ ಒಂದು ನಮ್ಮದು. ಲಮಾರಾ ಇಲ್ಲಿಗೆ ಬಂದಾಗ ಅವಳ ಮಗಳು ತೇಕ್ಲೆಗೆ ಏಳು ವರ್ಷ. ಅಲ್ಲಿ ಊರಲ್ಲಿ, ಕುತಾಯಿಸಿಯಲ್ಲಿ, ಝೌರಿ ದುಡಿಯುತ್ತಿದ್ದ ಕಾರ್ಖಾನೆಗೆ ಬೀಗ ಬಿದ್ದಿತ್ತು. ಹೆಂಡತಿ ಬಸ್ಸು ಹತ್ತಿದಳು, ಗಂಡ ಮಗು ಹಿಡಿದುಕೊಂಡು ಮನೆಯಲ್ಲಿ ಉಳಿದ. ಮೊದಮೊದಲು ಅವನ ತಾಯಿ ಬೇಯಿಸಿ ಹಾಕಿದರು. ಆಕೆ ತೀರಿಕೊಂಡ ಮೇಲೆ ಮಗಳ ಹೊಟ್ಟೆ ಕೇಳಬೇಕಲ್ಲ? ಅಕ್ಕಪಕ್ಕದವರಿಗೆ ಕಾಣದ ಹಾಗೆ ಕಿಟಕಿ ಪರದೆ ಎಳೆದು, ಫೋನಿನಲ್ಲಿ ಹೆಂಡತಿಯನ್ನು ಕೇಳಿ ಕೇಳಿ ಅಡುಗೆ ಕಲಿತ. ಜಡೆ ಹಾಕುವುದನ್ನೂ ಹಾಗೇ ಕಲಿತನಂತೆ.

ಮಗಳ ಮದುವೆ ಮುಗಿಸಿ ಅವನೂ ಇಲ್ಲಿಗೆ ಬಂದ. ಐವತ್ತು ದಾಟಿದವನಿಗೆ, ಭಾಷೆ ಬಾರದವನಿಗೆ ಯಾರಪ್ಪ ಕೆಲಸ ಕೊಡುತ್ತಾರೆ? ಲಮಾರಾ ಒಂದು ನೆಲಮಾಳಿಗೆ ಮನೆ ಹಿಡಿದಳು. ವಾರವಿಡೀ ಅವನೊಬ್ಬನೇ. ಭಾನುವಾರ ಬೆಳಿಗ್ಗೆ ಅವಳು ಬರುವಷ್ಟರಲ್ಲಿ ಮೇಜು ತುಂಬಿರುತ್ತಿತ್ತು. ನಾವು ಬಂದು ಬೆಲ್ ಒತ್ತಿದರೆ ಒಳಗೆ ಗಡಿಬಿಡಿ. ಅವನು ತನ್ನ ಏಪ್ರನ್ ಬಿಚ್ಚಿ ಅವಳ ಕೊರಳಿಗೆ ಹಾಕುತ್ತಿದ್ದ, ಅವಳು ಕೈಗಿಷ್ಟು ಹಿಟ್ಟು ಸವರಿಕೊಂಡು ಬಾಗಿಲು ತೆಗೆಯುತ್ತಿದ್ದಳು. ಇದನ್ನೆಲ್ಲ ಅವಳು ಆಮೇಲೆ ಹೇಳಿದ್ದು, ನಿಜ. ಆದರೆ ನಮ್ಮ ಬುದ್ಧಿ ಎಲ್ಲಿ ಹುಲ್ಲು ಮೇಯಲಿಕ್ಕೆ ಹೋಗಿತ್ತು? ಅಕ್ರೋಟ್ ಅರೆದು ಮಾಡುವ ಕೋಳಿ ಸಾತ್ಸಿವಿಯನ್ನು ಹಿಂದಿನ ದಿನವೇ ಮಾಡಿ ತಣ್ಣಗಿಡಬೇಕು. ಹಿಂದಿನ ದಿನ ಲಮಾರಾ ಊರಿನ ಆ ತುದಿಯಲ್ಲಿ ಮುದುಕಿಗೆ ಸ್ನಾನ ಮಾಡಿಸುತ್ತಿರುತ್ತಿದ್ದಳು. ಅಡುಗೆ ಬಲ್ಲ ಹೆಂಗಸರು ನಾವು, ಒಬ್ಬಳಿಗೂ ಇದು ಹೊಳೆಯಲಿಲ್ಲ.

ಹೋದ ವರ್ಷ ಝೌರಿಯ ಅಣ್ಣ ಅವ್ತಾಂದಿಲ್ ಊರಿಂದ ಬಂದ. ತಮ್ಮನನ್ನು ಕರೆದುಕೊಂಡು ಹೋಗಲಿಕ್ಕೇ ಬಂದದ್ದು. ನೆಲಮಾಳಿಗೆಯಲ್ಲಿ ಜಾಗ ಸಾಲದೆ ಊರಿನ ಪರಿಚಯದವರೊಬ್ಬರ ಮನೆಯಲ್ಲಿ ಇಳಿದುಕೊಂಡಿದ್ದ. "ಹೆಂಡ್ತಿ ದುಡಿಮೇಲಿ ಎಷ್ಟು ದಿನಾಂತ ಕೂತು ತಿಂತೀಯೋ? ನಡಿ ಊರಿಗೆ, ದ್ರಾಕ್ಷಿ ತೋಟ ನೋಡ್ಕೊಂಡಿರು" ಅಂತ ಬಂದ ದಿನದಿಂದ ಕೊರೆತ. ಲಮಾರಾ ನನಗೆ ಫೋನ್ ಮಾಡಿ ಅತ್ತಳು. "ಡೊಡೊ ಅಕ್ಕಾ, ಅವ್ನು ಹೋಗ್ಬಿಟ್ರೆ ಭಾನುವಾರ ನಾನು ಯಾರ ಮನೆಗೆ ಬರ್ಲಿ? ಹದಿಮೂರು ವರ್ಷ ಒಬ್ಳೇ ಇದ್ದೆ. ಇನ್ನು ನನ್ ಕೈಲಾಗಲ್ಲ."

ಆ ಭಾನುವಾರ ಮಧ್ಯಾಹ್ನದ ಊಟಕ್ಕೆ ಅಣ್ಣನೇ ತಮಾದಾ. ತಮಾದಾ ಆದವನು ಲೋಟ ಎತ್ತಿ ಒಬ್ಬೊಬ್ಬರ ಹೆಸರಲ್ಲೂ ನಾಲ್ಕು ಮಾತಾಡಬೇಕು, ಆಮೇಲೆ ಮಿಕ್ಕವರು ಕುಡಿಯಬೇಕು. ಊರಿಗಾಯಿತು, ಸತ್ತವರಿಗಾಯಿತು, ಮಕ್ಕಳಿಗಾಯಿತು. ನಾಲ್ಕನೆಯ ಸಲ ಅವ್ತಾಂದಿಲ್ ಎದ್ದ.

"ಈ ಸಾತ್ಸಿವಿ ಮಾಡಿದ ಕೈಗೆ! ಪರದೇಶದಲ್ಲಿ ದುಡಿದೂ ಒಲೆ ಮರೀದ ಹೆಣ್ಣಿಗೆ! ಏಳೋ ತಮ್ಮಾ, ನೀನೂ ನಿಂತ್ಕೊಂಡು ಕುಡಿ. ಈ ಮನೇಲಿ ಒಂದು ಕಡ್ಡಿ ಎತ್ತಿ ಆ ಕಡೆ ಇಟ್ಟವನಲ್ಲ ನೀನು!"

ಝೌರಿ ಎದ್ದು ನಿಂತ. ಅವನ ಬೆರಳ ತುದಿಗಳಲ್ಲಿ ಹಸಿ ಅಕ್ರೋಟ್ ಸಿಪ್ಪೆಯ ಕಪ್ಪು ಕಲೆ. ಲೋಟ ತುಟಿಗೆ ತಂದ.

"ನಿಲ್ಲಿ ಭಾವ" ಅಂದಳು ಲಮಾರಾ. "ಆ ಕೈ ನಂದಲ್ಲ. ಅಡುಗೆ ಅವ್ನದು. ಮೂರು ವರ್ಷದಿಂದ ಅವ್ನೇ ಮಾಡ್ತಿರೋದು. ಈ ಮನೇಲಿ ಯಾರೂ ಬಿಟ್ಟಿ ಕೂತಿಲ್ಲ. ಕುಡಿಯೋದಾದ್ರೆ ನನ್ನ ಗಂಡನ ಹೆಸರಲ್ಲಿ ಕುಡೀರಿ."

ಪಾಪ, ಅವನ ಮಾನ ಉಳಿಸಲಿಕ್ಕೆ ಹೊರಟಿದ್ದಳು. ಹೆಮ್ಮೆಯಿಂದ ಮುಖ ಕೆಂಪಾಗಿತ್ತು.

ಆದರೆ ಮೇಜಿನ ಸುತ್ತ ಎದ್ದದ್ದು ನಗು. ಮೊದಲು ನಕ್ಕವಳು ನಾನೇ. "ಅಯ್ಯೋ ನಮ್ಮಪ್ಪಾ! ಹಾಗಾದ್ರೆ ಝೌರಿ, ನಮ್ಮ ಮುದುಕೀಗೂ ಒಬ್ಳು ಅಡುಗೆಯವಳು ಬೇಕಂತೆ, ಬರ್ತೀಯಾ?" ಅಂದುಬಿಟ್ಟೆ. ತಮಾಷೆಗೆ ಅಂದದ್ದು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಅವ್ತಾಂದಿಲ್ ನಗಲಿಲ್ಲ, ತನ್ನ ತಟ್ಟೆಯನ್ನು ದೂರ ಸರಿಸಿದ. ಝೌರಿ ಕೂತುಕೊಂಡು ಎರಡೂ ಕೈ ಮೇಜಿನ ಕೆಳಗೆ ಇಟ್ಟುಕೊಂಡ.

ಬುಧವಾರದ ಬಸ್ಸಿಗೆ ಅಣ್ಣನ ಜೊತೆ ಹೊರಟೇಹೋದ. ಲಮಾರಾ ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. "ನಿನ್ನ ಮೇಲೆ ಸಿಟ್ಟಿಲ್ಲ ಕಣೇ. ಆದ್ರೆ ಆ ಹೆಂಗಸರ ಮುಂದೆ ಇನ್ನು ಕೂರಕ್ಕಾಗಲ್ಲ" ಅಂದನಂತೆ.

ಮುಂದಿನ ಭಾನುವಾರ ರೊಟ್ಟಿ ಕಟ್ಟಿಕೊಂಡು ಅವಳ ಮನೆಗೆ ಹೋದೆ. ಒಲೆ ಹಚ್ಚಿರಲಿಲ್ಲ. ಸುಮ್ಮನೆ ಕೂತಿದ್ದಳು.

"ಹದಿನಾರು ವರ್ಷ ಯಾರ್ಯಾರ್ದೋ ಮಲ ಬಳಿದೆ. ಆ ಅನ್ನ ತಿನ್ನೋಕೆ ಊರಲ್ಲಿ ಒಬ್ರಿಗೂ ನಾಚಿಕೆ ಆಗ್ಲಿಲ್ಲ. ಅವ್ನು ನಾಲ್ಕು ಅಕ್ರೋಟ್ ಅರೆದ್ರೆ ನಾಚಿಕೆ ಬಂತು" ಅಂದಳು.

"ಗಂಡಸರೇ ಹಾಗೆ ಬಿಡೇ" ಅಂದೆ ನಾನು.

"ಗಂಡಸರ ಮಾತು ಬಿಡು. ನಮ್ ಭಾವ ಎಂಥವ್ರು ಅಂತ ನಂಗೊತ್ತಿತ್ತು. ಅವತ್ತು ನಾನು ಬಾಯಿ ಬಿಟ್ಟಿದ್ದು ಅವ್ರನ್ನ ನಂಬಿ ಅಲ್ಲ. ನೀವೆಲ್ಲ ಇದೀರಲ್ಲ ಅಂತ ಬಾಯಿ ಬಿಟ್ಟೆ. ನೀನ್ಯಾಕೆ ನಕ್ಕೆ ಅಕ್ಕಾ?"

ತಂದ ರೊಟ್ಟಿಯನ್ನು ಮೇಜಿನ ಮೇಲಿಟ್ಟೆ. ಅವಳು ಅದನ್ನು ತಿರುಗಿ ನನ್ನ ಚೀಲಕ್ಕೆ ಹಾಕಿ, ಹೋಗಿ ಬಾಗಿಲು ತೆಗೆದು ನಿಂತಳು.