ಬಸಲಿಂಗಮ್ಮ ಅಳೆದ ನೀರಾ

ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಜಾಮ್ ಕಾರ್ಖಾನೆಯ ಲ್ಯಾಬಿನಲ್ಲಿ ಬಸಲಿಂಗಮ್ಮ ಇಪ್ಪತ್ತಾರು ವರ್ಷ ಅಳೆದದ್ದು ಸಕ್ಕರೆಯೊಂದನ್ನೇ. ನೂರಕ್ಕೆ ಅರವತ್ತೆಂಟು ಬಂದರೆ ಜಾಮ್ ಬಾಟಲಿಗೆ, ಬರದಿದ್ದರೆ ಮತ್ತೆ ಕಡಾಯಿಗೆ. ಕೊಪ್ಪಳದಿಂದ ಮದುವೆಯಾಗಿ ಬಂದು ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ಹಿಂದಿ, ಲ್ಯಾಬಿನಲ್ಲಿ ತೆಲುಗು ಆಡಿಕೊಂಡು ಬದುಕಿದ ಆಕೆಗೆ ಮನುಷ್ಯರಿಗಿಂತ ಅಂಕಿಗಳ ಮೇಲೆಯೇ ಭರವಸೆ ಹೆಚ್ಚು. ನಿವೃತ್ತಳಾದ ಎರಡೇ ತಿಂಗಳಿಗೆ, 2004ರ ಫೆಬ್ರವರಿಯಲ್ಲಿ, ಪಕ್ಕದ ಮನೆಯ ಸಮರ್ಥ್ ಆ ಭರವಸೆಯನ್ನೂ ಅಲ್ಲಾಡಿಸಿಬಿಟ್ಟ.

ಅವನು ಮಾಧಾಪುರದ ಸಾಫ್ಟ್‌ವೇರ್ ಕಚೇರಿಗಳ ಕ್ಯಾಂಟೀನುಗಳಿಗೆ ಈಚಲ ಮರದ ಹುಳಿಯದ ಸಿಹಿರಸ, ನೀರಾ, ಮಾರಲು ಹೊರಟಿದ್ದ. ಸಕ್ಕರೆ ಎಷ್ಟೆಂದು ಬಾಟಲಿಯ ಮೇಲೆ ಬರೆದಿರಬೇಕು ಎಂದು ಕ್ಯಾಂಟೀನಿನವರು ಹಟ ಹಿಡಿದಿದ್ದರು.

"ಒಂದ ನಂಬರ್ ಹೇಳ್ರಿ ಅತ್ತಿ, ಸಾಕು," ಎಂದ ಸಮರ್ಥ್.

ಶಂಶಾಬಾದಿನ ಆಚೆಯ ಈಚಲ ತೋಪಿಗೆ ಆಕೆ ಮೂರು ದಿನ ಬೆಳಿಗ್ಗೆ ಹೋದಳು. ಮರ ಕೆತ್ತಿ ರಸ ಇಳಿಸುವ ಯಾದಗಿರಿ ಎಂಬಾತ, ಬೇಗ ಹುಳಿಯಬಾರದೆಂದು ಒಳಗೆ ಸುಣ್ಣ ಬಳಿದ ಗಡಿಗೆಗಳನ್ನು ಇಳಿಸಿಕೊಟ್ಟ. ಅಳತೆಯ ಉಪಕರಣದ ಗಾಜಿನ ಮೇಲೆ ಹನಿ ಬಿಟ್ಟು ಬೆಳಕಿಗೆ ಹಿಡಿದಳು. ಒಂದು ಮರದ್ದು ಹನ್ನೆರಡು, ಪಕ್ಕದ್ದು ಹದಿನಾಲ್ಕು. ಮರುದಿನ ಆ ಮೊದಲನೆಯ ಮರವೇ ಹತ್ತಕ್ಕೆ ಇಳಿದಿತ್ತು. ಹೀಗೇಕೆ ಎಂದು ಗದರಿದರೆ ಯಾದಗಿರಿ, "ಚೆಟ್ಟುನಿ ಅಡಗಂಡಿ ಅಮ್ಮಾ" ಎಂದ. ಮರವನ್ನೇ ಕೇಳಬೇಕಂತೆ!

"ಹತ್ತರಿಂದ ಹದಿನಾಲ್ಕು ಅಂತ ಬರಿ," ಎಂದಳು ಸಮರ್ಥನಿಗೆ. "ಮತ್ತ, ಬರ್ಫದಾಗ ಇಟ್ಟ ಒಯ್ಯಿ."

"ಅಷ್ಟು ಸಕ್ಕರಿ ಅಂದ್ರ ಯಾರೂ ಮುಟ್ಟೂದಿಲ್ರಿ. ಎಲ್ಲಾರೂ ಡಯಟ್ ಮಾಡಾಕತ್ತಾರ."

"ಅದನ್ನ ಮರಕ್ಕ ಯಾರು ಹೇಳಬೇಕು?"

ಮಂಜುಗಡ್ಡೆಯ ಮಾತನ್ನು ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಮೊದಲ ಬಾಟಲಿಗಳು ಮೆಹದಿಪಟ್ಟಣದ ಟ್ರಾಫಿಕ್ಕಿನಲ್ಲಿ ಬೇಯುತ್ತ ಹನ್ನೊಂದು ಗಂಟೆಗೆ ಮಾಧಾಪುರ ಮುಟ್ಟಿದವು. ಅವುಗಳಲ್ಲೊಂದನ್ನು ಬಸಲಿಂಗಮ್ಮ ತನ್ನ ಹಳೆಯ ಲ್ಯಾಬಿಗೆ ಒಯ್ದಳು. ದಾರಿಯಲ್ಲೇ ಮುಚ್ಚಳ ಹಾರಿ ನೊರೆ ಸೀರೆಯ ಮೇಲೆಲ್ಲ ಸುರಿಯಿತು. ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಮೂಗು ಮುಚ್ಚಿಕೊಂಡು ಎದ್ದು ಹೋದಳು. ಉಳಿದದ್ದನ್ನು ಪರೀಕ್ಷಿಸಿದರೆ ಬಂದದ್ದು ಏಳು.

ಸಮರ್ಥ್ ಕುಣಿದಾಡಿದ. "ಛಲೋ ಆತಲ್ರಿ! ಸಕ್ಕರಿ ಕಡಿಮಿ ಅಂತ ಛಾಪಿಸೋಣು."

"ಹೋದ ಸಕ್ಕರಿ ಎಲ್ಲಿ ಹೋತು, ತಿಳದೈತೇನು? ಕಳ್ಳಾತಪಾ, ಕಳ್ಳು! ಹೊತ್ತು ಏರಿದಂಗ ಸಕ್ಕರಿ ಇಳೀತೈತಿ, ಅಮಲು ಏರತೈತಿ. ಸಂಜಿ ತನಕ ಇಡು, ಇನ್ನೂ ಕಡಿಮಿ ಆಕ್ಕೈತಿ. ಅದನ್ನೂ ಛಾಪಿಸು!"

ಅವನು ಛಾಪಿಸಿಯೇಬಿಟ್ಟ. ಶೇಕಡಾ ಏಳು. ಕೆಳಗೆ ಸಣ್ಣ ಅಕ್ಷರದಲ್ಲಿ, 'ಪರೀಕ್ಷಿಸಿದವರು: ಬಸಲಿಂಗಮ್ಮ, ಬಿ.ಎಸ್ಸಿ.'

ಮೂರನೆಯ ದಿನ ಒಂದು ಕ್ಯಾಂಟೀನಿನ ಮ್ಯಾನೇಜರ್ ಸಮರ್ಥನಿಗೆ ಫೋನು ಮಾಡಿ ಕಿರುಚಾಡಿದ. ಅದನ್ನು ಕುಡಿದು ಊಟದ ನಂತರದ ಮೀಟಿಂಗಿನಲ್ಲಿ ಇಬ್ಬರು ನಿದ್ದೆ ಹೋಗಿದ್ದರು, ಒಬ್ಬ ಹುಡುಗಿಯ ನಗು ನಿಂತೇ ಇರಲಿಲ್ಲ. ಈ ಬಸಲಿಂಗಮ್ಮ ಯಾರು ಎಂದು ಅವನು ಎರಡು ಸಲ ಕೇಳಿದನಂತೆ.

ಬಸಲಿಂಗಮ್ಮ ಸಮರ್ಥನಿಗೆ ಒದ್ದೆ ಬಟ್ಟೆ ಕೊಟ್ಟು, ಮಿಕ್ಕ ಬಾಟಲಿಗಳ ಚೀಟಿಗಳನ್ನೆಲ್ಲ ಅವನ ಕೈಯಿಂದಲೇ ಕೀಳಿಸಿದಳು. ಮರುದಿನ ನಸುಕಿನಲ್ಲೇ ದೊಡ್ಡ ಕಡಾಯಿಯೊಂದನ್ನು ಆಟೋದಲ್ಲಿ ಹೇರಿಕೊಂಡು ತೋಪಿಗೆ ಹೋಗಿ, ಇಳಿಸಿದ ನೀರಾವನ್ನು ಮರದ ಬುಡದಲ್ಲೇ ಕುದಿಸಿ ಬೆಲ್ಲ ಮಾಡಿದಳು. ವಾರ ಬಿಟ್ಟು ಅಳೆದರೂ ಅಂಕಿ ಕದಲಲಿಲ್ಲ. ಎಷ್ಟೋ ದಿನಗಳ ಮೇಲೆ ಅಂದು ನೆಮ್ಮದಿಯಾಗಿ ಊಟ ಮಾಡಿದಳು.

ಕ್ಯಾಂಟೀನಿನವರು ಬೆಲ್ಲ ಕೊಳ್ಳಲಿಲ್ಲ. ಸಮರ್ಥ್ ಬೇಸರಪಟ್ಟು ಎಲ್ಲೋ ನೌಕರಿ ಹಿಡಿದ. ಬಸಲಿಂಗಮ್ಮ ಮಾತ್ರ ವಾರಕ್ಕೊಮ್ಮೆ ತೋಪಿಗೆ ಹೋಗಿ ಕುದಿಸಿ ತಂದು ಕಾಲೋನಿಯ ಮನೆಗಳಿಗೆ ಹಂಚತೊಡಗಿದಳು. ಎಲ್ಲರಿಗೂ ರುಚಿ ಹಿಡಿಸಿತು. ಆದರೆ ಕೈಗೆ ತೆಗೆದುಕೊಂಡವರು ಕೇಳುತ್ತಿದ್ದದ್ದು ಒಂದೇ:

"ಮರದಿಂದ ಬಂದದ್ದಲ್ಲೇನ್ರಿ, ಡಾಯಾಬಿಟೀಸ್ ಇದ್ದವರು ಎಷ್ಟಾರ ತಿನ್ನಬಹುದಲ್ಲಾ?"

"ಬೆಲ್ಲ ಐತ್ರೀ ಅದು!" ಎಂದು ಬಸಲಿಂಗಮ್ಮ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು.